ಹೇಲಿಯೊದೋರ: ಒಂದು ಯವನನಾಮದ ವಿಚಾರ

ಯವನರ ಅಥೆನ್ಸ್ ನಗರದಲ್ಲಿ ಶಿಶುವು ಹುಟ್ಟಿದ ಹತ್ತನೆಯ ದಿನ ಅದಕ್ಕೆ ಹೆಸರಿಡುವ ಆಚಾರವಿದ್ದಿತು. ಹಿರಿಯ ಮಗನಿಗೆ ಪಿತಾಮಹನ ಹೆಸರು ಸಲ್ಲುವುದು ವಾಡಿಕೆಯಾಗಿದ್ದಿತು. ಪತಂಜಲಿಯು ಮಹಾಭಾಷ್ಯದಲ್ಲಿ ಎತ್ತಿ ಹೇಳುವ ಯಾಜ್ಞಿಕರ ಮತವೂ ದಶಮದಿನ ಕಳೆದ ಮೇಲೆ ನಾಮಕರಣವನ್ನು ವಿಧಿಸಿ, ಹೆಸರು ಪೂರ್ವಜರನ್ನು ಅನುಸರಿಸಿರಬೇಕೆನ್ನುತ್ತದೆ. ಹೀಗೆ ಎರಡು ಜನಾಂಗಗಳೂ ಹೆಸರನ್ನು ಕುಲದ ಸ್ವತ್ತೆಂದೇ ಎಣಿಸಿದ್ದವು. ಹಾಗಾದರೆ ಒಬ್ಬನು ಪರದೇಶಕ್ಕೆ ಬಂದು ಅಲ್ಲಿಯ ದೇವರಿಗೆ ಶರಣಾದಾಗ ಆ ಸ್ವತ್ತಿನ ಗತಿಯೇನು?

ಮಧ್ಯಪ್ರದೇಶದ ವಿದಿಶೆಯ ಸಮೀಪದಲ್ಲಿರುವ ಬೇಸನಗರದ ಶಿಲಾಸ್ತಂಭವೊಂದು ಇದಕ್ಕೆ ಉತ್ತರ ಹೇಳುತ್ತದೆ. ಕ್ರಿಸ್ತಪೂರ್ವ 2ನೆಯ ಶತಮಾನದ ಕೊನೆಯ ಭಾಗದಲ್ಲಿ ತಕ್ಷಶಿಲೆಯ ನಿವಾಸಿಯಾದ ಹೇಲಿಯೊದೋರನೆಂಬ ಯವನನು ಅಂತಿಯಾಲ್ಕಿದಸ್ ದೊರೆಯ ದೂತನಾಗಿ ಭಾಗಭದ್ರರಾಜನ ಬಳಿಗೆ ಬಂದು, ವಾಸುದೇವನಿಗೆ ಈ ಗರುಡಧ್ವಜವನ್ನು ಮಾಡಿಸಿದನು. 1877ರಲ್ಲಿ ಕನ್ನಿಂಗ್‌ಹ್ಯಾಮ್ ಪಂಡಿತನು ಕಂಬವನ್ನು ಕಂಡಾಗ, ಭಕ್ತರು ಬಳಿದ ಸಿಂಧೂರದ ದಪ್ಪ ಲೇಪದಡಿಯಲ್ಲಿ ಅಕ್ಷರಗಳು ಅಡಗಿದ್ದವು. 1909ರಲ್ಲಿ ಆ ಲೇಪವು ಸರಿದು ಹೆಸರು ಬೆಳಕಿಗೆ ಬಂದಿತು.

ಗ್ರೀಕ್ ಭಾಷೆಯಲ್ಲಿ ‘ಹೇಲಿಯೋಸ್’ ಎಂದರೆ ಸೂರ್ಯ, ‘ದೋರೊನ್’ ಎಂದರೆ ಕೊಡುಗೆ. ದೇವದತ್ತ, ವಿಷ್ಣುದತ್ತ ಎಂಬಂತೆ ಇವನು ಸೂರ್ಯದತ್ತ. ಅಪೊಲ್ಲೊದೋರ, ಥಿಯೊದೋರ ಎಂಬ ಹೆಸರುಗಳೂ ಇದೇ ಜಾತಿಯವು. ಭಾಷಾಶಾಸ್ತ್ರಜ್ಞರ ನಿರ್ಣಯದಂತೆ ಹೇಲಿಯೋಸ್ ಶಬ್ದವು ಸಂಸ್ಕೃತದ ಸೂರ್ಯಶಬ್ದಕ್ಕೂ, ದೋರೊನ್ ಶಬ್ದವು ‘ದಾ’ ಧಾತುವಿಗೂ ದಾಯಾದಿಗಳು. ತಂದೆಯ ಹೆಸರು ದಿಯೋನ್. ಅದು ಯವನರ ದೇವಾಧಿಪತಿಯಾದ ಜ್ಯೂಸನ ನಾಮಕ್ಕೆ ಸೇರಿದ್ದು. ಆ ಜ್ಯೂಸನೂ ವೇದದ ದ್ಯೌಸ್ ಎಂಬ ದೇವತೆಯೂ ಹೆಸರಿನಿಂದ ಒಂದೇ ಮೂಲದವರು.

ಬ್ರಾಹ್ಮೀಲಿಪಿಯ ಆ ಪ್ರಾಕೃತ ಶಾಸನದಲ್ಲಿ ಹೇಲಿಯೊದೋರನು ತನ್ನನ್ನು ಭಾಗವತನೆಂದು ಕರೆದುಕೊಂಡಿದ್ದಾನೆ. ಆದರೆ ತನ್ನ ಹೆಸರನ್ನಾಗಲಿ ತಂದೆಯ ಹೆಸರನ್ನಾಗಲಿ ಮರೆಮಾಚಿಲ್ಲ, ಯವನದೂತನೆಂಬುದನ್ನೂ ಬಿಟ್ಟಿಲ್ಲ. ಹೆಸರು ಹೆತ್ತವರು ಕೊಟ್ಟದ್ದು, ಭಾಗವತತ್ವವು ತಾನೇ ಅರಸಿ ಪಡೆದದ್ದು. ಎರಡೂ ಒಂದೇ ಕಲ್ಲಿನ ಮೇಲೆ ಪರಸ್ಪರ ವಿರೋಧವಿಲ್ಲದೆ ನಿಂತಿವೆ. ಅದೇ ಕಂಬದಲ್ಲಿ ಸ್ವರ್ಗಕ್ಕೊಯ್ಯುವ ಮೂರು ಸಾಧನಗಳೂ ಕೆತ್ತಲ್ಪಟ್ಟಿವೆ: ದಮ, ತ್ಯಾಗ, ಅಪ್ರಮಾದ. ಅವುಗಳಲ್ಲಿ ಹೆಸರಿನ ಬದಲಾವಣೆ ಸೇರಿಲ್ಲ. ಹೆಸರನ್ನು ಕೇಳಿದೊಡನೆಯೇ ಒಬ್ಬನ ದೇವರನ್ನೂ ದೇಶವನ್ನೂ ನಿಶ್ಚಯಿಸಿಬಿಡುವ ಆತುರಗಾರರು ಈ ಸೂರ್ಯದತ್ತನ ಕಂಬದೆದುರು ಕ್ಷಣಕಾಲ ನಿಂತು ಯೋಚಿಸುವುದು ಒಳಿತು.