ಯಾಣದ ಬಂಡೆಯೂ ಹಳೆಯ ಕಂಪ್ಯೂಟರೂ

ಕರಾವಳಿಯ ನಮ್ಮ ಮನೆಗಳಲ್ಲಿ ಗಲ್ಫಿನಿಂದ ಬಂದ ವಸ್ತುಗಳಿಗೆ ಒಂದು ಮರ್ಯಾದೆ ಇದೆ. ಕೆಟ್ಟು ಮೂಲೆ ಸೇರಿದರೂ ಗುಜರಿಗೆ ಹಾಕಲು ಮನಸ್ಸು ಬರುವುದಿಲ್ಲ. ಹೊನ್ನಾವರದ ಅಕ್ಕನ ಮನೆಯಲ್ಲಿರುವ ಕಂಪ್ಯೂಟರ್ ಅಂಥದ್ದು. ಭಾವ 2013ರಲ್ಲಿ ದುಬೈಯಿಂದ ತಂದದ್ದು. ಮೂರನೇ ತಲೆಮಾರಿನ ಇಂಟೆಲ್ ಐ5, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್, ಒಂದು ರೇಡಿಯಾನ್ ಗ್ರಾಫಿಕ್ಸ್ ಕಾರ್ಡ್. ಆ ಕಾಲಕ್ಕೆ ಗೇಮ್ ಆಡುವ ಹುಡುಗರು ಆಸೆಪಡುವಂಥ ಯಂತ್ರ.

2025ರಲ್ಲಿ ಭಾವನ ಕೆಲಸ ಹೋಯಿತು. ಅವರು ಊರಿಗೆ ಮರಳಿದ ಹೊತ್ತಿಗೇ ಮಗ ಹೊಸ ಕಂಪ್ಯೂಟರ್ ಕೇಳಿದ. ಅಂಗಡಿಯವರು ಹೇಳಿದ್ದು 80,000 ರೂಪಾಯಿ. "ಆಟಕ್ಕೆ ಇಷ್ಟು ದುಡ್ಡೇ?" ಎಂದು ಭಾವ ಎದ್ದು ಹೋದರು. ಆ ಮನೆಯಲ್ಲಿ ಕೆಲವು ದಿನ ಅಪ್ಪ ಮಗನ ನಡುವೆ ಸಲಾಮ್ ಬಿಟ್ಟರೆ ಬೇರೆ ಮಾತಿರಲಿಲ್ಲ.

ಹುಡುಗನ ತಲೆಯಲ್ಲಿದ್ದದ್ದು ಬರೀ ಆಟವಲ್ಲ. ಗೆಳೆಯರೊಂದಿಗೆ ಯಾಣಕ್ಕೆ ಹೋದವನು ಭೈರವೇಶ್ವರ ಶಿಖರದ ಮುನ್ನೂರಕ್ಕೂ ಹೆಚ್ಚು ಫೋಟೋ ತೆಗೆದು ತಂದಿದ್ದ. ಒಂದೇ ಬಂಡೆಯನ್ನು ಬೇರೆ ಬೇರೆ ಕೋನಗಳಿಂದ ತೆಗೆದ ಚಿತ್ರಗಳನ್ನು ಕಂಪ್ಯೂಟರ್ ಹೋಲಿಸಿ, ಪ್ರತಿ ಬಿಂದುವಿನ ದೂರವನ್ನು ಲೆಕ್ಕಹಾಕಿ, ಮೂರು ಆಯಾಮದ ಬಂಡೆಯನ್ನು ಕಟ್ಟುತ್ತದೆ. ಆ ಬಂಡೆಯ ಸುತ್ತ ತಾನೇ ಒಂದು ಗೇಮ್ ಮಾಡಬೇಕೆಂಬುದು ಅವನ ಹಂಬಲ. ಮೆಶ್‌ರೂಮ್ ಎಂಬ ಉಚಿತ ತಂತ್ರಾಂಶವಿದೆ. ಆದರೆ ಅದರ ಮುಖ್ಯ ಕೆಲಸಕ್ಕೆ ಎನ್‌ವಿಡಿಯಾ ಕಾರ್ಡೇ ಬೇಕು, ರೇಡಿಯಾನ್ ಸಾಲದು.

"ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ" ಎಂಬ ಮಾತು ನಮ್ಮ ಕಡೆ ಹಳೆಯದು. ರೊಕ್ಕವಿಲ್ಲದ ಮನೆಯಲ್ಲಿ ಸೊಕ್ಕಾದರೂ ಉಳಿಯಲಿ ಎಂದು ನಾನು ನಡುವೆ ಬಾಯಿ ಹಾಕಿದೆ. ಗಟ್ಟಿಮುಟ್ಟಾಗಿರುವ ಬೋರ್ಡು, ಪ್ರೊಸೆಸರನ್ನು ಎಸೆಯುವುದು ಇಸ್ರಾಫ್ ಎಂದು ನನ್ನ ಅಭಿಪ್ರಾಯ. ಬೇಕಾದ ಭಾಗವನ್ನಷ್ಟೇ ಬದಲಿಸಿದರಾಯಿತು. ಭಾವ ಒಪ್ಪಿ, ಕಂಪನಿ ಕೊನೆಗೆ ಕೊಟ್ಟ ಹಣದಿಂದ ಎಣಿಸಿ ಕೊಟ್ಟರು. ಒಟ್ಟು ಖರ್ಚು 15,000 ದಾಟಲಿಲ್ಲ.

ಕಾರ್ಡಿನ ವಿಷಯದಲ್ಲಿ ಹುಡುಗ ನನಗಿಂತ ಬುದ್ಧಿವಂತ. 2019ರಲ್ಲಿ ಬಂದ ಜಿಟಿಎಕ್ಸ್ 1650 ಕಾರ್ಡನ್ನು ಸೆಕೆಂಡ್‌ಹ್ಯಾಂಡ್ ಹುಡುಕಿದ. ಅದು ತಿನ್ನುವುದು 75 ವ್ಯಾಟ್. ಅಷ್ಟನ್ನು ಬೋರ್ಡಿನ ಸ್ಲಾಟೇ ಕೊಡುತ್ತದೆ, ಹಲವು ಮಾದರಿಗಳಿಗೆ ಬೇರೆ ವೈರು ಬೇಕಿಲ್ಲ. ಆದರೂ ಹಳೆಯ ಎಸ್‌ಎಂಪಿಎಸ್ ಬದಲಿಸಿದೆವು. ಬಿಚ್ಚಿದರೆ ಒಳಗೆ ಉಪ್ಪುಗಾಳಿಯ ತುಕ್ಕು, ಹಲ್ಲಿಯ ಮೊಟ್ಟೆ! ಎಸ್‌ಎಸ್‌ಡಿಯೂ ಸಾಟಾ ಮಾದರಿಯದೇ, ಹೊಸ ಬಗೆಯ ಎಂ.2 ಕಿಂಡಿ ಆ ಬೋರ್ಡಿನಲ್ಲಿಲ್ಲ. ಸೆಕೆಂಡಿಗೆ 500 ಎಂಬಿಗೂ ಹೆಚ್ಚು ಓದುತ್ತದೆ. ಹಳೆಯ ಡಿಸ್ಕಿನಲ್ಲಿ ಮುಳ್ಳು ತಟ್ಟೆಯ ಮೇಲೆ ಓಡಾಡಿ ಹುಡುಕಬೇಕು, ಇದರಲ್ಲಿ ಆ ಓಡಾಟವೇ ಇಲ್ಲ. ಚಹಾ ಕುಡಿದು ಬರುವಷ್ಟು ಹೊತ್ತು ಹಿಡಿಯುತ್ತಿದ್ದ ಯಂತ್ರ ಈಗ ಬಟನ್ ಒತ್ತಿದೊಡನೆ ಏಳುತ್ತದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತು, 11 ಈ ಪ್ರೊಸೆಸರನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಹಾಗಾಗಿ ಉಬುಂಟು ಹಾಕಿದ.

ಹಳೆಯ ಡಿಸ್ಕಿನಲ್ಲಿದ್ದುದನ್ನು ನಕಲು ಮಾಡುವ ರಾತ್ರಿ ಭಾವ ಪಕ್ಕದಲ್ಲೇ ಕುಳಿತರು. ಒಂದೊಂದೇ ಫೋಟೋ ತೆರೆದವು: ದೇರಾದ ಕೋಣೆ, ಒಂದರ ಮೇಲೊಂದು ಮಂಚ, ಎಂಟು ಜನರ ನಡುವೆ ಒಂದು ತಟ್ಟೆ ಬಿರಿಯಾನಿ. ಮಗ ಅವನ್ನು ಹಿಂದೆ ನೋಡಿರಲಿಲ್ಲ. "ಇಲ್ಲೇ ಮಲಗ್ತಿದ್ರಾ ಅಬ್ಬಾ?" ಎಂದು ಕೇಳಿದ. ಭಾವ ಮೇಲಿನ ಮಂಚವನ್ನು ಬೆರಳಿಟ್ಟು ತೋರಿಸಿದರು.

ಯಾಣದ ಲೆಕ್ಕಾಚಾರ ರಾತ್ರಿಯಿಡೀ ನಡೆಯಿತು. ಎರಡು ಸಲ ಕರೆಂಟು ಹೋದರೂ ಯುಪಿಎಸ್ ಕಾಪಾಡಿತು. ಫಜರ್ ಮುಗಿಸಿ ಬಂದಾಗ ಕಪ್ಪು ಸುಣ್ಣಕಲ್ಲಿನ ಆ 120 ಮೀಟರ್ ಬಂಡೆ ಪರದೆಯ ಮೇಲೆ ನಿಂತಿತ್ತು, ಬಿರುಕುಗಳ ಸಮೇತ. ತುದಿ ಮಾತ್ರ ಖಾಲಿ.

"ತಲೆ ಎಲ್ಲಿ?" ಎಂದರು ಭಾವ.

"ಕೆಳಗಿಂದ ಅಲ್ಲಿಯ ಫೋಟೋ ಸಿಗಲಿಲ್ಲ ಅಬ್ಬಾ. ಫೋಟೋ ಇಲ್ಲದ್ದನ್ನು ಅದು ಕಟ್ಟೋದಿಲ್ಲ."

ಭಾವ ಮೌಸ್ ಹಿಡಿದು ಬಂಡೆಯನ್ನು ನಿಧಾನ ತಿರುಗಿಸಿದರು. ಇಷ್ಟು ಹತ್ತಿರವಿದ್ದೂ ತಾವು ಒಮ್ಮೆಯೂ ಯಾಣ ನೋಡಿಲ್ಲ ಎಂದರು.