ಅಪರೂಪದ ಪೆಟ್ಟಿಗೆಗೆ ಗಿರಾಕಿ ಇಲ್ಲ

ಹರಾಜಿನ ಆಪ್‌ನಲ್ಲಿ ರಾತ್ರಿ ಹನ್ನೊಂದೂವರೆಗೆ ‘ಅಪರೂಪದ್ದು, ವಿಶೇಷವಾದದ್ದು’ ಅಂತ ಬರೆದಿದ್ದ ಒಂದು ವಸ್ತುವಿಗೆ ನಾನು 620 ಪೌಂಡ್ ಕೂಗಿದೆ. ಕೂಗಿದೆ ಅಂದ್ರೆ ಬೆರಳಲ್ಲಿ ಒತ್ತಿದೆ. ನನ್ನ ಮೇಲೆ ಯಾರೂ ಕೂಗಲಿಲ್ಲ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು.

ವಸ್ತು ಯಾವುದು ಅಂತ ಹೇಳಿಬಿಡ್ತೀನಿ: ಕನ್ಸರ್ಟೀನಾ. ಎರಡೂ ಕೈಯಲ್ಲಿ ಹಿಡಿಯೋ ಆರು ಮೂಲೆಯ ಪುಟ್ಟ ಪೆಟ್ಟಿಗೆ. ನಡುವೆ ಚರ್ಮ, ರಟ್ಟಿನ ಮಡಿಕೆಗಳ ತಿದಿ, ಎರಡೂ ಬದಿ ಗುಂಡಿಗಳು. ತಿದಿ ಎಳೆದು, ಒತ್ತಿ ನುಡಿಸಬೇಕು. ಹಳೇ ಇಂಗ್ಲಿಷ್ ಸಿನಿಮಾಗಳಲ್ಲಿ ಹಡಗಿನ ನಾವಿಕರ ಕೈಯಲ್ಲಿ ನೋಡಿರ್ತೀರಿ. ಪಾರ್ಸೆಲ್ ಬಿಚ್ಚಿ ಧಾರವಾಡಕ್ಕೆ ಫೋಟೊ ಕಳಿಸಿದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: “ಏನವಾ ಇದು, ಪೇಟಿ ಮರೀನ?”

ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಅಂತೀವಿ. ಅಪ್ಪ ನಲವತ್ತು ವರ್ಷ ಶಾಲೆಯ ಗುಮಾಸ್ತ, ಸಂಜೆ ಮೇಲೆ ಭಜನಾ ಮೇಳದ ಪೇಟಿ ಮಾಸ್ತರ. ಅವರು ತಮಾಷೆಗೆ ಅಂದಿದ್ದು ನಿಜಕ್ಕೂ ಸರಿಯಾಗಿತ್ತು. ಪೇಟಿ, ಕನ್ಸರ್ಟೀನಾ ಎರಡರ ಹೊಟ್ಟೆಯಲ್ಲಿರೋದೂ ಒಂದೇ ತತ್ವ: ಗಾಳಿ ಹೊಡೆದಾಗ ಚೌಕಟ್ಟಿನೊಳಗೆ ಅಲುಗಾಡಿ ಸ್ವರ ಕೊಡೋ ತೆಳು ಲೋಹದ ನಾಲಿಗೆ, ಅಂದರೆ ರೀಡ್.

ಇದನ್ನ ಕಂಡುಹಿಡಿದ ಮನುಷ್ಯ ನಿಮಗೆಲ್ಲ ಗೊತ್ತು. ಪಿಯುಸಿ ಫಿಸಿಕ್ಸ್‌ನಲ್ಲಿ ನಾಲ್ಕು ರೆಸಿಸ್ಟೆನ್ಸ್, ನಡುವೆ ಗ್ಯಾಲ್ವನೋಮೀಟರ್, ಮುಳ್ಳು ಸೊನ್ನೆಗೆ ಬರೋವರೆಗೂ ಒದ್ದಾಟ ನೆನಪಿದೆಯಾ? ವೀಟ್‌ಸ್ಟೋನ್ ಬ್ರಿಡ್ಜ್. ಅದೇ ಚಾರ್ಲ್ಸ್ ವೀಟ್‌ಸ್ಟೋನ್. ತಮಾಷೆ ಅಂದ್ರೆ ಆ ಬ್ರಿಡ್ಜ್ ಅವನ ಸ್ವಂತದ್ದಲ್ಲ. ಸ್ಯಾಮ್ಯುಯೆಲ್ ಹಂಟರ್ ಕ್ರಿಸ್ಟಿ ಅನ್ನೋರು 1833ರಲ್ಲೇ ಹೇಳಿದ್ದನ್ನ ಈತ ಜನಪ್ರಿಯ ಮಾಡಿದ, ಅಷ್ಟೆ. ಕನ್ಸರ್ಟೀನಾ ಮಾತ್ರ ಅವನದೇ. ಲಂಡನ್ನಿನಲ್ಲಿ ವಾದ್ಯ ಮಾಡೋ ಮನೆತನದವನು. 1829ರಲ್ಲಿ ಒಂದು ಪೇಟೆಂಟ್, 1844ರಲ್ಲಿ ಇನ್ನೊಂದು.

ನನಗೆ ಈ ಹುಚ್ಚು ಹತ್ತಿದ್ದು ಮ್ಯಾಂಚೆಸ್ಟರ್‌ನ ಒಂದು ಪಬ್‌ನಲ್ಲಿ. ವಾರಕ್ಕೊಮ್ಮೆ ಐರಿಷ್ ಸಂಗೀತದವರು ಮೂಲೆಯ ಟೇಬಲ್ ಸುತ್ತ ಕೂತು ನುಡಿಸ್ತಾರೆ. ಅಲ್ಲೊಬ್ಬ ಅಜ್ಜಿ ಕನ್ಸರ್ಟೀನಾ ಎತ್ತಿಕೊಂಡ್ರೆ ಪಿಟೀಲು, ಕೊಳಲು ಎಲ್ಲ ಹಿಂದೆ ಸರೀತಿದ್ವು. ಮನೆಗೆ ಬಂದು ಬೆಲೆ ನೋಡಿದೆ. ನೋಡಬಾರದಿತ್ತು.

ಆಕೆ ನುಡಿಸ್ತಿದ್ದದ್ದು ಆಂಗ್ಲೊ ಅನ್ನೋ ಜಾತಿ. ಒಂದೇ ಗುಂಡಿ ಎಳೆದಾಗ ಒಂದು ಸ್ವರ, ಒತ್ತಿದಾಗ ಇನ್ನೊಂದು. ಐರ್ಲೆಂಡಿನ, ಅದರಲ್ಲೂ ಕ್ಲೇರ್ ಪ್ರಾಂತದ ಕುಣಿತದ ಮಟ್ಟುಗಳಿಗೆ ಆ ಎಳೆತ-ಒತ್ತಿನ ಜಿಗಿತವೇ ಜೀವ. ಐರಿಷ್ ಸಂಗೀತ ಜಗತ್ತೆಲ್ಲ ಹಬ್ಬಿತು, ಎಲ್ಲರಿಗೂ ಸಿ-ಜಿ ಶ್ರುತಿಯ ಮೂವತ್ತು ಗುಂಡಿಯ ಆಂಗ್ಲೊನೇ ಬೇಕು. ಆದರೆ ಒಳ್ಳೇದನ್ನ ಮಾಡ್ತಿದ್ದ ಲಂಡನ್ನಿನ ಹಳೇ ಕಾರ್ಖಾನೆಗಳು ಮುಚ್ಚಿ ದಶಕಗಳೇ ಆಗಿವೆ. ಚಾರ್ಲ್ಸ್ ಜೆಫ್ರೀಸ್ ಅನ್ನೋನ ಹೆಸರಿದ್ದ ಪೆಟ್ಟಿಗೆ ಆದ್ರೆ ನಾಲ್ಕೈದು ಸಾವಿರ ಪೌಂಡ್ ಸಲೀಸಾಗಿ ದಾಟುತ್ತೆ. ರೂಪಾಯಿಗೆ ಲೆಕ್ಕ ಹಾಕಬೇಡಿ, ನಾನು ಹಾಕಿ ಎರಡು ದಿನ ಸುಮ್ಮನಿದ್ದೆ. ಹೊಸದಾಗಿ ಕೈಯಿಂದ ಮಾಡಿಕೊಡೋರು ಇದ್ದಾರೆ, ಆದ್ರೆ ವರ್ಷಗಟ್ಟಲೆ ಸರದಿ.

ಅಂಥ ಹೊತ್ತಲ್ಲಿ ಕಂಡಿದ್ದು ಈ ‘ಅಪರೂಪದ್ದು’. 48 ಗುಂಡಿ, ಉಕ್ಕಿನ ರೀಡ್, ಲಾಶೆನಾಲ್ ಕಂಪನಿಯದು. ಲೂಯಿ ಲಾಶೆನಾಲ್ ಮೊದಲು ವೀಟ್‌ಸ್ಟೋನ್‌ಗೇ ಕೆಲಸ ಮಾಡ್ತಿದ್ದು ಆಮೇಲೆ ಸ್ವಂತ ಕಾರ್ಖಾನೆ ಹಾಕಿದವ. ಅಪರೂಪದ್ದು, ಮೂವತ್ತರ ಬದಲು ನಲವತ್ತೆಂಟು ಗುಂಡಿ, ಬೆಲೆ ಕಡಿಮೆ. ನನ್ನ ತಲೆಯಲ್ಲಿ ಲಾಟರಿ ಹೊಡೆದಂಗಾಯ್ತು. ಇಷ್ಟು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದವಳು ನಾನು, ‘ಇದರಲ್ಲೇನೋ ದೋಷ ಇದೆ’ ಅಂತ ಮೊದಲು ಕೇಳಬೇಕಾದವಳು!

ದೋಷ ಏನೂ ಇರಲಿಲ್ಲ. ಅದು ಆಂಗ್ಲೊ ಆಗಿರಲಿಲ್ಲ, ಅಷ್ಟೆ. ಅದು ಡ್ಯುಯೆಟ್. ಎಳೆದ್ರೂ ಒತ್ತಿದ್ರೂ ಅದೇ ಸ್ವರ, ಬಲಗೈಗೆ ಮೇಲಿನ ಸ್ವರಗಳು, ಎಡಗೈಗೆ ಕೆಳಗಿನವು. ಅದರಲ್ಲೂ ಮತ್ತೆ ಉಪಜಾತಿ. 1884ರಲ್ಲಿ ಮಕ್ಯಾನ್ ಅನ್ನೋನು ಗುಂಡಿಗಳನ್ನ ಒಂದು ಥರ ಜೋಡಿಸಿದ, 1896ರಲ್ಲಿ ಬಟರ್‌ವರ್ತ್ ಅನ್ನೋನು ಇನ್ನೊಂದು ಥರ. ಎರಡನೇದಕ್ಕೆ ಕ್ರೇನ್ ಪದ್ಧತಿ ಅಂತ ಹೆಸರು. ಸಾಲ್ವೇಶನ್ ಆರ್ಮಿಯವರು ಅದನ್ನೇ ‘ಟ್ರಯಂಫ್’ ಅಂತ ಕರೆದು ಬೀದಿ ಪ್ರಾರ್ಥನೆಗಳಲ್ಲಿ ನುಡಿಸ್ತಿದ್ರು. ನನಗೆ ಬಂದಿದ್ದು ಇದು. ಸ್ವಲ್ಪ ಹೊತ್ತಲ್ಲೇ ಗ್ರಾಮಫೋನು, ರೇಡಿಯೊ, ಪಿಯಾನೊ ಅಕಾರ್ಡಿಯನ್ ಎಲ್ಲ ಬಂದ್ವು. ಡ್ಯುಯೆಟ್‌ನ ಕಥೆ ಶುರುವಾಗೋದರೊಳಗೆ ಮುಗಿದೇಹೋಯ್ತು.

ಹಾಗಾಗಿ ಮಾಡಿದ್ದೇ ಕಡಿಮೆ. ಮಾಡಿದ್ದು ಕಡಿಮೆ ಅಂದ ಮೇಲೆ ಕಲಿಸೋರು ಕಡಿಮೆ, ಕಲಿಸೋರಿಲ್ಲದ ಮೇಲೆ ಕೊಳ್ಳೋರು ಯಾರು? ಅಪರೂಪ ಅಂದ್ರೆ ದುಬಾರಿ ಅಂತ ನಾನು ಅಂದುಕೊಂಡಿದ್ದೆ. ಈ ಪೇಟೆಯಲ್ಲಿ ಉಲ್ಟಾ. ಎಲ್ಲರ ಹತ್ತಿರ ಇರೋದಕ್ಕೇ ಎಲ್ಲರೂ ಕಾಸು ಕೊಡ್ತಾರೆ.

ಅಪರೂಪಕ್ಕೆ ಬೆಲೆ ಬರೋದು ಅದು ಗಾಜಿನ ಕಪಾಟಿಗೆ ಹೋಗೋ ಥರ ಇದ್ರೆ. ಲಾಶೆನಾಲ್‌ನವರು ಹನ್ನೆರಡು ಮೂಲೆಯ ಎಡಿಯೊಫೋನ್ ಮಾಡಿದ್ರು, ವೀಟ್‌ಸ್ಟೋನ್‌ನವರು ಎಂಟು ಮೂಲೆಯ ಏಯೊಲಾ. ಅಂಗೈಯಲ್ಲಿ ಕೂರೋ ಪುಟಾಣಿಗಳೂ ಇವೆ. ಸಂಗ್ರಹಕಾರರು ಅಂಥವಕ್ಕೆ ಮುಗಿಬೀಳ್ತಾರೆ. ಇನ್ನು ದಂತದ ಗುಂಡಿ ಇದ್ರೆ ಬೇರೆಯೇ ತಲೆನೋವು. 2022ರ ಜೂನ್‌ನಿಂದ ಬ್ರಿಟನ್ನಿನಲ್ಲಿ ದಂತದ ಮಾರಾಟಕ್ಕೆ ಕಾನೂನು ಬಿಗಿ. 1975ಕ್ಕಿಂತ ಹಿಂದಿನ ವಾದ್ಯ ಆಗಿರಬೇಕು, ದಂತದ ಪಾಲು 20%ಕ್ಕಿಂತ ಕಡಿಮೆ ಇರಬೇಕು, ನೋಂದಣಿ ಮಾಡಿಸಿಯೇ ಮಾರಬೇಕು. ಸುಮಾರು ಸಲ ದಂತ ಅಂದುಕೊಂಡದ್ದು ಬರೀ ಎಲುಬು ಆಗಿರುತ್ತೆ. ಭೂತಗನ್ನಡಿ ಹಿಡಿದ್ರೆ ಎಲುಬಲ್ಲಿ ಸಣ್ಣ ಸಣ್ಣ ಕಪ್ಪು ಗೀರು, ಚುಕ್ಕಿ ಕಾಣುತ್ತವೆ. ನಾನೂ ಹಿಡಿದು ನೋಡಿದೆ. ನನ್ನವು ಲೋಹದ ಗುಂಡಿಗಳು. ಅಲ್ಲೂ ವಿಶೇಷ ಇಲ್ಲ!

ವಯಸ್ಸಾದ್ರೂ ಗೊತ್ತಾಗಲಿ ಅಂತ ಹುಡುಕಿದೆ. ವೀಟ್‌ಸ್ಟೋನ್ ಕಂಪನಿಯ ಲೆಕ್ಕದ ಪುಸ್ತಕಗಳು ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂನಲ್ಲಿವೆ. ಪೆಟ್ಟಿಗೆಯ ನಂಬರ್ ಇದ್ರೆ ಯಾವ ದಿನದ್ದು ಅಂತ ಹುಡುಕಬಹುದು. ಲಾಶೆನಾಲ್‌ನ ಪುಸ್ತಕಗಳು ಉಳಿದಿಲ್ಲ. ನನ್ನ ಪೆಟ್ಟಿಗೆಗೆ ಜಾತಕವೂ ಇಲ್ಲ.

ರಿಪೇರಿಯವರ ಹತ್ತಿರ ಒಯ್ದೆ. ಒಳಗೆ ಬಿಚ್ಚಿ ತೋರಿಸಿದ್ರು. ಜೇನುಗೂಡಿನ ಥರ ಪುಟ್ಟ ಪುಟ್ಟ ಕೋಣೆಗಳು, ಒಂದೊಂದರ ಮೇಲೂ ಹಿತ್ತಾಳೆ ಚೌಕಟ್ಟಿನ ಉಕ್ಕಿನ ನಾಲಿಗೆ. ಗುಂಡಿಗೆ ಎರಡರಂತೆ 96. ತೊಗಲಿನ ಪ್ಯಾಡು, ವಾಲ್ವು ಬದಲಿಸಿ, ‘ಶ್ರುತಿ ಏನು ಮಾಡೋಣ?’ ಅಂತ ಕೇಳಿದ್ರು. ಆ ಕಾಲದ ಪೆಟ್ಟಿಗೆಗಳು ಎಷ್ಟೋ ಈಗಿನ 440ರ ಶ್ರುತಿಗಿಂತ ಮೇಲಿರ್ತವೆ, ನನ್ನದು 452ರ ಹತ್ತಿರ. ಇಳಿಸಬೇಕಂದ್ರೆ ಪ್ರತಿ ನಾಲಿಗೆಯ ಬುಡದಲ್ಲಿ ಅರ ಹಾಕಿ ಉಜ್ಜಬೇಕು. ಒಮ್ಮೆ ಉಜ್ಜಿದ ಲೋಹ ವಾಪಸ್ ಬರಲ್ಲ. ಆಮೇಲೆ ಹೇಳ್ತೀನಿ ಅಂದೆ.

ಅದಾಗಿ ಮೂರು ತಿಂಗಳಿಗೆ ಆಫೀಸಿನಲ್ಲಿ ಒಂದು ಸಂಜೆ ನಮ್ಮ ಟೀಮಿನ ಅರ್ಧ ಜನಕ್ಕೆ ಹದಿನೈದು ನಿಮಿಷದ ಮೀಟಿಂಗ್ ಬಂತು. ನನಗೆ ಬರಲಿಲ್ಲ. ಬರದೇ ಇದ್ದವರಿಗೂ ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮಿಬ್ಬರದು ಇಲ್ಲಿ ಐದು ವರ್ಷ ಮುಗಿಯುತ್ತಿತ್ತು. ಕಾಯಂ ಉಳಿಯೋ ಅರ್ಜಿ ಹಾಕಬೇಕು, ತಲೆಗೆ ಸಾವಿರಗಟ್ಟಲೆ ಪೌಂಡ್ ಶುಲ್ಕ. ಗಂಡ ಎಕ್ಸೆಲ್ ತೆರೆದು ಕೂತು ಏನನ್ನೂ ಹೇಳಲಿಲ್ಲ, ಕಪಾಟಿನ ಮೇಲಿದ್ದ ಪೆಟ್ಟಿಗೆಯನ್ನ ಒಂದು ಸಲ ನೋಡಿದ.

ಮಾರಾಟಕ್ಕೆ ಹಾಕಿದೆ. ಎರಡು ವಾರ ಯಾರೂ ಕೇಳಲಿಲ್ಲ. ಆಮೇಲೆ ಒಬ್ಬ ಹುಡುಗ ಬರೆದ: 1,100 ಪೌಂಡ್ ಕೊಡ್ತೀನಿ. ನನ್ನ ಖುಷಿ ಹೇಳತೀರದು. ಮುಂದಿನ ಮೆಸೇಜ್‌ನಲ್ಲಿ ಪ್ರಾಮಾಣಿಕವಾಗಿ ವಿಷಯ ತಿಳಿಸಿದ. ಅವನಿಗೆ ಬೇಕಿದ್ದದ್ದು ರೀಡುಗಳು ಮತ್ತು ತಿದಿ. ಒಳಗಿನದನ್ನ ಕಿತ್ತು, ರೀಡುಗಳನ್ನ ಮತ್ತೆ ಶ್ರುತಿ ಮಾಡಿಸಿ, ಹೊಸ ಗುಂಡಿಮನೆ ಕೂರಿಸಿ ಆಂಗ್ಲೊ ಮಾಡಿಸ್ತಾನಂತೆ. ಇದು ಈ ಪೇಟೆಯಲ್ಲಿ ಹೊಸದೇನಲ್ಲ. ಹಳೇ ಡ್ಯುಯೆಟ್‌ಗಳು ಹೀಗೆ ಎಷ್ಟೋ ಆಂಗ್ಲೊ ಆಗಿವೆ. ಆ ಹುಡುಗ ಕೆಟ್ಟವನಲ್ಲ. ಹೊಸ ಆಂಗ್ಲೊಗೆ ಸರದಿಯಲ್ಲಿ ಕಾದು ಬೇಸತ್ತವನು, ನನ್ನ ಥರದವನೇ. ಯಾರೂ ನುಡಿಸದೆ ಕಪಾಟಿನ ಮೇಲೆ ಕೂತಿರೋದಕ್ಕಿಂತ ವಾರವಾರ ಪಬ್‌ನಲ್ಲಿ ಹಾಡೋದು ಆ ರೀಡುಗಳಿಗೂ ಒಳ್ಳೇದೇ ಅಲ್ವಾ? ಅದಕ್ಕೆ ಎದುರು ಮಾತು ನನ್ನ ಹತ್ತಿರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ.

ಭಾನುವಾರ ಅಪ್ಪನಿಗೆ ಫೋನ್ ಮಾಡಿದಾಗ, ಮಾರ್ತಿದೀನಿ ಅಂತ ಸುಮ್ಮನೆ ತಿಳಿಸಿದೆ. ರೀಡ್ ಕೀಳ್ತಾರಂತೆ ಅಂದೆ. ಆ ಕಡೆ ಸ್ವಲ್ಪ ಹೊತ್ತು ಫ್ಯಾನಿನ ಸದ್ದು ಮಾತ್ರ.

“ನಮ್ಮ ಮಾಸ್ತರದ್ದೊಂದು ಪೇಟಿ ಇತ್ತು, ನಿನಗ ನೆನಪಿರಾಕಿಲ್ಲ. ಜರ್ಮನ್ ರೀಡ. ಅವರು ತೀರಿಕೊಂಡ ಮ್ಯಾಲ ನನ್ನ ಕಡೆ ಬಂತು. ನೀ ಹುಟ್ಟಿದ ವರ್ಷ ಮಳಿ ಭಾಳ ಆತು. ಮನಿ ಹಂಚು ಪೂರಾ ಬದಲಿ ಮಾಡಬೇಕಾತು. ಒಬ್ಬಾಂವ ಬಂದು ಕೇಳಿದ, ಕೊಟ್ಟೆ. ರೊಕ್ಕ ಛಲೋನ ಕೊಟ್ಟ.”

“ಆಮೇಲೆ?”

“ಆಮ್ಯಾಲ ಏನ? ಅವಂಗ ರೀಡ ಅಷ್ಟ ಬೇಕಾಗಿದ್ದು. ಹೊಸಾ ಪೇಟಿಗೆ ಹಾಕಾಕ. ಒಂದ ತಿಂಗಳ ಬಿಟ್ಟು ಹುಬ್ಬಳ್ಳ್ಯಾಗ ರಿಪೇರಿ ಅಂಗಡಿಗೆ ಹೋಗಿದ್ದೆ. ಮಾಸ್ತರ ಪೇಟಿ ಅಲ್ಲೇ ಮೂಲ್ಯಾಗ ಇತ್ತು. ಒಳಗ ಮೊಳಿ, ಸ್ಕ್ರೂ ಹಾಕಿ ಇಟ್ಟಿದ್ರು.”

ನಾನೇನೂ ಮಾತಾಡಲಿಲ್ಲ.

“ತಪ್ಪೇನ ಮಾಡಿಲ್ಲವಾ ನಾ. ಮನಿ ಸೋರತಿತ್ತು. ಆದ್ರ ಆ ಅಂಗಡಿ ಓಣ್ಯಾಗ ಮತ್ತ ಕಾಲ ಇಡಲಿಲ್ಲ. ನೀ ನಿನಗ ಅನುಕೂಲ ಆದಂಗ ಮಾಡು.”

ಮಾರಬೇಡ ಅಂದಿದ್ರೆ ಜಗಳ ಆಡಿ ಮಾರ್ತಿದ್ದೆನೋ ಏನೋ. ಅವತ್ತು ರಾತ್ರಿ ಪೆಟ್ಟಿಗೆ ತೊಡೆ ಮೇಲಿಟ್ಟುಕೊಂಡು, ಮೊದಲ ಸಲ ಐರಿಷ್ ಮಟ್ಟು ಬಿಟ್ಟು, ಅಪ್ಪ ಕಲಿಸಿದ್ದನ್ನ ಹುಡುಕಿದೆ. ಕ್ರೇನ್ ಪದ್ಧತಿಯಲ್ಲಿ ಪೇಟಿಯ ಬಿಳಿ ಪಟ್ಟಿಗಳೆಲ್ಲ ನಡುವಿನ ಮೂರು ಸಾಲಲ್ಲಿ, ಕಪ್ಪು ಪಟ್ಟಿಗಳು ಎರಡು ಅಂಚಲ್ಲಿ. ಎಡಗೈಯಲ್ಲಿ ಸಾ-ಪ ಹಿಡಿದಿಟ್ಟೆ. ಬಲಗೈ ತಾನಾಗಿಯೇ ಭೂಪ ಹುಡುಕಿಕೊಂಡು ಹೋಯ್ತು. ಎಳೆದ್ರೂ ಒತ್ತಿದ್ರೂ ಸ್ವರ ಬದಲಾಗಲ್ಲ. ಆಂಗ್ಲೊದಲ್ಲಿ ಇದನ್ನ ನುಡಿಸೋಕೆ ಹೋಗಿದ್ರೆ ತಿದಿ ತಿರುಗಿಸಿದಾಗೆಲ್ಲ ಶ್ರುತಿಯೇ ಕೈ ಬಿಡ್ತಿತ್ತು. ಆರು ತಿಂಗಳಿಂದ ನಾನು ಅದನ್ನ ‘ಆಂಗ್ಲೊ ಅಲ್ಲದ್ದು’ ಅಂತಲೇ ನೋಡ್ತಿದ್ದೆ.

ಆ ಹುಡುಗನಿಗೆ ಆಗಲ್ಲ ಅಂತ ಬರೆದೆ. ಅವನು ಬೇಜಾರು ಮಾಡಿಕೊಳ್ಳದೆ, ಮನಸ್ಸು ಬದಲಾದ್ರೆ ತಿಳಿಸಿ ಅಂದ. ಕ್ರೇನ್ ನುಡಿಸೋರು ಯಾರಾದ್ರೂ ಕೊಳ್ಳಲಿ ಅಂತ ಇನ್ನೂ ಎರಡು ತಿಂಗಳು ಹಾಗೇ ಇಟ್ಟಿದ್ದೆ. ಒಬ್ಬರು ವಿಚಾರಿಸಿದ್ರು, 400 ಪೌಂಡ್ ಅಂದ್ರು. ಜಾಹೀರಾತು ತೆಗೆದುಬಿಟ್ಟೆ. ಅರ್ಜಿ ಶುಲ್ಕಕ್ಕೆ ಬೆಂಗಳೂರಿನ ಬ್ಯಾಂಕಿನಲ್ಲಿದ್ದ ನನ್ನ ಎಫ್‌ಡಿ ಮುರಿದೆವು. ಬಡ್ಡಿ ಹೋಯ್ತು ಅಂತ ಗಂಡ ಈಗಲೂ ತಿಂಗಳಿಗೊಮ್ಮೆ ನೆನಪಿಸ್ತಾನೆ, ನೆನಪಿಸೋ ಹಕ್ಕಿದೆ ಅವನಿಗೆ.

ಹೋದ ವಾರ ವಿಡಿಯೊ ಕಾಲ್‌ನಲ್ಲಿ ಅಪ್ಪನ ಮುಂದೆ ನುಡಿಸಿದೆ. ಎರಡು ಸ್ವರಕ್ಕೇ ಕೈ ಎತ್ತಿ ನಿಲ್ಲಿಸಿದ್ರು.

“ಇದ್ಯಾವ ಪಟ್ಟಿನವಾ? ಬಿಳಿ ಒಂದಕ್ಕೂ ಕಪ್ಪು ಒಂದಕ್ಕೂ ನಡುವ ಐತಿ.”

ಹಳೇ ಶ್ರುತಿಯ ಕಥೆ ಹೇಳಿದೆ. ರಿಪೇರಿಯವರ ಹತ್ತಿರ ಒಯ್ದು ಇಳಿಸ್ಲಾ ಅಂತ ಕೇಳಿದೆ.

“ಕೆರೀತಾರೇನು ರೀಡ?”

“ಹೂಂ.”

ಅವರು ಎದ್ದು ಕ್ಯಾಮೆರಾದಿಂದ ಆಚೆ ಹೋದ್ರು. ತಂಬೂರಿ ಗವಸು ಬಿಚ್ಚೋ ಸದ್ದು ಕೇಳಿಸ್ತು. ವಾಪಸ್ ಬಂದು ಕೂತು, “ಸಾ ಹಿಡಿ, ಬಿಡಬ್ಯಾಡ” ಅಂದ್ರು. ಹಿಡಿದೆ. ಅಮ್ಮ ಹಿಂದಿನಿಂದ “ತಂತಿ ಹರದೀತ್ರಿ” ಅಂತಿದ್ಲು. ಅಪ್ಪ ಕಿವಿ ಫೋನಿನ ಹತ್ತಿರ ತಂದು, ಬಿರಡೆಗಳನ್ನ ಒಂದೊಂದಾಗಿ ಒಂದೆಳೆ ಒಂದೆಳೆ ಬಿಗಿ ಮಾಡ್ತಾ ಹೋದ್ರು. ನನ್ನ ತಿದಿ ನಾಲ್ಕೈದು ಸಲ ಎಳೆದು ಒತ್ತಿ ಆಯ್ತು. ಆಮೇಲೆ ಮೀಟಿದ್ರು.

ವಾಟ್ಸಾಪ್‌ನಲ್ಲಿ ಸದ್ದು ಒಂದು ಕ್ಷಣ ತಡವಾಗಿ ಬರುತ್ತೆ, ಜೊತೆಗೆ ನುಡಿಸೋಕೆ ಆಗಲ್ಲ. ತಂಬೂರಿಗೆ ತಾಳ ಇಲ್ಲವಲ್ಲ, ಹಾಗಾಗಿ ತಡ ಆದದ್ದು ತಿಳೀಲಿಲ್ಲ. ನಾನು ಭೂಪದ ಆರೋಹ ಹತ್ತಿ ಗಂಧಾರಕ್ಕೆ ನಿಂತೆ.

“ಗಂಧಾರ ಸ್ವಲ್ಪ ಏರೇತಿ,” ಅಂದ್ರು ಅಪ್ಪ, ಮೀಟೋದನ್ನ ನಿಲ್ಲಿಸದೆ. “ಪೇಟ್ಯಾಗೂ ಹಂಗ ಇರತೈತಿ, ಬಿಡು. ಮುಂದ ಬಾರ್ಸು.”