ಅಂಗಡಿ ಸಾಲಿದೆ, ವ್ಯಾಪಾರವಿಲ್ಲ

ಸಿಂಧನೂರಿಂದ ಕಾರಟಗಿ, ಗಂಗಾವತಿ ದಾಟಿ ಹಂಪಿಗೆ ಹೋಗುವ ದಾರಿಯುದ್ದಕ್ಕೂ ಭತ್ತದ ಗದ್ದೆ, ರೈಸ್ ಮಿಲ್ಲು. ಈ ಸೀಮೆಯ ದವಸ ಒಂದು ಕಾಲಕ್ಕೆ ವಿಜಯನಗರದ ಬಜಾರುಗಳಿಗೂ ಹೋಗಿರಬೇಕು.

ಈ ಸಲ ಹೆಚ್ಚು ಹೊತ್ತು ನಿಂತದ್ದು ಹಂಪಿಯ ಕೃಷ್ಣ ಬಜಾರಿನಲ್ಲಿ. ಉದಯಗಿರಿ ಗೆದ್ದು ಬಂದ ಕೃಷ್ಣದೇವರಾಯ 1515ರ ಹೊತ್ತಿಗೆ ಕಟ್ಟಿಸಿದ ಕೃಷ್ಣನ ಗುಡಿ ಇಲ್ಲಿದೆ. ಅದರ ಎದುರಿಗೆ ಈ ಅಂಗಡಿ ಸಾಲು. ಬಹಳ ಕಾಲ ಮಣ್ಣಲ್ಲಿ, ಬೆಳೆಯ ನಡುವೆ ಹುದುಗಿತ್ತು. ಪುರಾತತ್ವ ಇಲಾಖೆ ಅಗೆದು ತೆಗೆದಿದೆ, ಬಿದ್ದ ಕಂಬಗಳನ್ನು ಎತ್ತಿ ನಿಲ್ಲಿಸಿದೆ. ಕಲ್ಲಿನ ಅಂಚು ಸವರಿ ನೋಡಿ: ಬಂಡೆ ಸೀಳಲು ಉಳಿ ಹೊಡೆದ ಗುರುತುಗಳು ಹಲ್ಲಿನ ಸಾಲಿನಂತೆ ಬೆರಳಿಗೆ ಸಿಗುತ್ತವೆ. ಇಲಾಖೆಯದು ಬಹಳ ಒಳ್ಳೆಯ ಕೆಲಸ.

ವಿರೂಪಾಕ್ಷ ಬಜಾರಿನಲ್ಲಿ ಮಾತ್ರ ಕರುಳು ಹಿಂಡಿದಂತಾಯಿತು. ಅಲ್ಲಿ ಮಂಟಪಗಳಲ್ಲೇ ಸಂಸಾರಗಳಿದ್ದವು; ಖಾನಾವಳಿ, ಪುಸ್ತಕದಂಗಡಿ, ಹೂವು-ಹಣ್ಣಿನ ಬುಟ್ಟಿ. 2011ರ ಜುಲೈನಲ್ಲಿ ತೆರವಿಗೆಂದು ಜೆಸಿಬಿ ಬಂತು, ಬೀದಿ ಖಾಲಿಯಾಯಿತು. ಸ್ಮಾರಕ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸುಗ್ಗಿಯಲ್ಲಿ ನಮ್ಮೂರ ಗಂಜ್‌ನ ಹಮಾಲರ ಕೂಗು, ದಲಾಲರ ಹರಾಜು ಕೇಳಿ ಬೆಳೆದವರಿಗೆ ಮಾರುವವರೇ ಇಲ್ಲದ ಬಜಾರು ನೋಡುವುದು ಕಷ್ಟ.

1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ವಿಜಯನಗರದಲ್ಲಿ ಕಂಡ ಮುತ್ತು-ರತ್ನದ ವರ್ಣನೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ವಿರೂಪಾಕ್ಷ ಬಜಾರಿನಲ್ಲಿ 2011ರವರೆಗೆ ಇಡ್ಲಿ ಮಾರಿದವರ ಬಗ್ಗೆಯೂ ಒಂದು ಫಲಕ ಹಾಕಲಿ. ಆ ಬಜಾರಿನಾಚೆ ಅವರ ಮಕ್ಕಳಿಗೆ ತಳ್ಳುಗಾಡಿ ನಿಲ್ಲಿಸಲು ಜಾಗವನ್ನೂ ಕೊಡಲಿ.